ಬಣ್ಣದಡಿಯ ದೋಷ

ಹಸ್ತ ಮಳೆ ಬಿದ್ದು ಮೂರು ದಿನಗಳಾಗಿದ್ದವು. ಅಕ್ಕಲಕೋಟೆ ಸೀಮೆಯ ಎರೆನೆಲದಲ್ಲಿ ಹಿಂಗಾರಿ ಜೋಳ ಬಿತ್ತುವವರಿಗಾಗಿ ಹದವು ಬಹಳ ದಿನ ಕಾಯುವುದಿಲ್ಲ. ನಮ್ಮ ಟ್ರ್ಯಾಕ್ಟರಾದರೋ ಅಂಗಳದಲ್ಲಿ ಟಕ್ಕೆಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು.

ಅದು 1960ರ ದಶಕದ ಆರಂಭದ ಮ್ಯಾಸಿ ಫರ್ಗ್ಯುಸನ್ 35. ಆ ಕಾಲದ ರೂಢಿಯಂತೆ ಬ್ಯಾಟರಿಯ ಧನಧ್ರುವವು ಯಂತ್ರದ ಮೈಗೆ ಸೇರಿತ್ತು. ವಿದ್ಯುತ್ತನ್ನು ಡೈನಮೋ ಒದಗಿಸುತ್ತಿತ್ತು. ಅದು ಸವೆದುಹೋದುದರಿಂದ ಆ ಬೇಸಿಗೆಯಲ್ಲಿ ನಮ್ಮ ತಮ್ಮನು ಆಲ್ಟರ್ನೇಟರನ್ನು ಕೂಡಿಸಿದನು. ಅವನು ತಂದುದಕ್ಕೆ ಋಣಧ್ರುವವೇ ಮೈಗೆ ಸೇರಬೇಕು. ತಪ್ಪಿದರೆ ಒಳಗಿನ ಡಯೋಡುಗಳು ಸುಟ್ಟುಹೋಗುತ್ತವೆ. ಬ್ಯಾಟರಿಯನ್ನು ತಿರುಗಿಸಿ, ಆಮ್ಮೀಟರಿನ ತಂತಿಗಳನ್ನು ಅದಲುಬದಲು ಮಾಡಿದನು. ಸ್ಟಾರ್ಟರನ್ನು ಮುಟ್ಟಲಿಲ್ಲ, ಆ ಬಗೆಯ ಮೋಟಾರು ಧ್ರುವ ಬದಲಾದರೂ ಅದೇ ದಿಕ್ಕಿಗೆ ತಿರುಗುತ್ತದೆ. ಎರಡು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು.

ಕಾರಹುಣ್ಣಿಮೆಯ ತರುವಾಯ ತೊಂದರೆ ಮೊದಲಾಯಿತು. ದೀಪಗಳು ಮಂಕಾದವು, ಬ್ಯಾಟರಿ ತುಂಬದಾಯಿತು. ಹಳೆಯ ಯಂತ್ರಕ್ಕೆ ಹೊಸ ಕೈಚಳಕ ಸಲ್ಲದೆಂದು ನಾವು ತಮ್ಮನನ್ನು ಜನರೆದುರಿಗೇ ಹಳಿದೆವು. ಪೇಟೆಯ ಮೇಸ್ತ್ರಿಯೂ ಆಲ್ಟರ್ನೇಟರನ್ನೇ ದೂರಿದನು. ಹೊಸ ಬ್ಯಾಟರಿ ತಂದೆವು; ಫಲವಾಗಲಿಲ್ಲ. ಪರೀಕ್ಷೆಯ ದೀಪವು ಹಿಡಿದಲ್ಲೆಲ್ಲ ಉರಿಯಿತು. ತಮ್ಮನು ಟ್ರ್ಯಾಕ್ಟರಿನ ಬಳಿ ಸುಳಿಯುವುದನ್ನೇ ಬಿಟ್ಟನು. ಇಳಿಜಾರಿನಲ್ಲಿ ನಿಲ್ಲಿಸಿ, ತಳ್ಳಿ, ಹೇಗೋ ದಿನ ನೂಕಿದೆವು. ಈಗ ಕೆಸರಿನಲ್ಲಿ ಅದೂ ಸಾಧ್ಯವಿರಲಿಲ್ಲ.

ಕೊನೆಗೆ ನೆರೆಯವರ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಂದು ಎರಡು ದಪ್ಪ ಕೇಬಲ್ಲುಗಳನ್ನು ಜೋಡಿಸಿದೆವು. ಋಣದ ಕೇಬಲ್ಲನ್ನು ನಮ್ಮ ಬ್ಯಾಟರಿಯ ಧ್ರುವಕ್ಕೆ ಹಿಡಿಸಿದಾಗ ಅದೇ ಟಕ್ಕೆಂಬ ಸದ್ದು. ಅದನ್ನೇ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿದೊಡನೆ ಯಂತ್ರವು ಗುಡುಗುಟ್ಟಿ ಎದ್ದಿತು!

ದೂರದಲ್ಲಿ ನಿಂತಿದ್ದ ತಮ್ಮನು ಮಾತಿಲ್ಲದೆ ಮೀಟರು ತಂದನು. ಆಲ್ಟರ್ನೇಟರಿನ ಬಳಿ 14 ವೋಲ್ಟ್ ಇತ್ತು, ಬ್ಯಾಟರಿಯ ಧ್ರುವಗಳಲ್ಲಿ 13ಕ್ಕೂ ಕಡಿಮೆ. ಯಂತ್ರ ನಿಲ್ಲಿಸಿ, ಕೇಬಲ್ಲು ಕಳಚಿ, ಸ್ಟಾರ್ಟರ್ ಒತ್ತಿಸಿದನು. ಆಗ ಬ್ಯಾಟರಿಯ ಋಣಧ್ರುವಕ್ಕೂ ಎಂಜಿನ್ನಿಗೂ ನಡುವೆ ಅರ್ಧ ವೋಲ್ಟ್ ಮೀರಬಾರದು. ಮೀಟರು 5 ತೋರಿಸಿತು. ವಿದ್ಯುತ್ತು ತಂತಿಯಲ್ಲಿ ಹೋಗಿ ಕಬ್ಬಿಣದ ಮೈಯಲ್ಲಿ ಮರಳುತ್ತದೆ. ನಾವೆಲ್ಲ ಹೋಗುವ ದಾರಿಯನ್ನೇ ಹುಡುಕಿದ್ದೆವು.

ಬ್ಯಾಟರಿಯನ್ನು ಮೈಗೆ ಜೋಡಿಸುವ ತಾಮ್ರದ ಪಟ್ಟಿಯನ್ನು ಅವನು ಬಿಚ್ಚಿದನು. ಅದರಡಿಯಲ್ಲಿ ದಪ್ಪನೆಯ ಕೆಂಪು ಬಣ್ಣ! ಕಾರಹುಣ್ಣಿಮೆಗೆ ಎತ್ತಿನ ಕೊಂಬುಗಳಿಗೆ ಬಣ್ಣ ಬಳಿದ ಉತ್ಸಾಹದಲ್ಲಿ ನಾವೇ ಟ್ರ್ಯಾಕ್ಟರಿಗೂ ಬಳಿದು, ಒಣಗಿದ ಬಣ್ಣದ ಮೇಲೆಯೇ ಪಟ್ಟಿಯನ್ನು ಬಿಗಿದಿದ್ದೆವು. ಬೋಲ್ಟಿನ ಮೂಲಕ ನುಸುಳುತ್ತಿದ್ದ ಅಲ್ಪ ವಿದ್ಯುತ್ತು ಪರೀಕ್ಷೆಯ ದೀಪಕ್ಕೆ ಸಾಕಿತ್ತು. ನೂರಾರು ಆಂಪಿಯರ್ ಬೇಡುವ ಸ್ಟಾರ್ಟರಿಗೆ ಸಾಲದಾಗಿತ್ತು.

ಬಣ್ಣವನ್ನು ಕೆರೆದು, ಹೊಳೆಯುವ ಕಬ್ಬಿಣಕ್ಕೆ ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸು ಸವರಿದೆವು. ಹದ ಆರುವ ಮುನ್ನ ಬಿತ್ತನೆ ಮುಗಿಯಿತು. ಜನರೆದುರಿಗೆ ಆಡಿದ ಮಾತನ್ನು ಜನರೆದುರಿಗೇ ಹಿಂದೆಗೆದುಕೊಳ್ಳುವುದು ಉಳಿದಿತ್ತು. ಅದನ್ನು ಗುಡಿಯ ಕಟ್ಟೆಯ ಮೇಲೆ ಮಾಡಿದೆವು. ತಮ್ಮನು ನಕ್ಕು, "ಮುಂದಿನ ಕಾರಹುಣ್ಣಿಮೆಗೆ ಬಣ್ಣ ಬಳಿಯುವ ಕೆಲಸ ನನಗಿರಲಿ" ಎಂದನು.