ಜಾರುವ ಕಲ್ಲು

ಪಾಚಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಬಚ್ಚಲಲ್ಲಿ ಕಂಡರೆ ತೆಂಗಿನ ನಾರು, ತೊಟ್ಟಿಯಲ್ಲಿ ಕಂಡರೆ ಬ್ಲೀಚಿಂಗ್ ಪುಡಿ. ಅದಕ್ಕೆ ಸಲ್ಲುವ ಮರ್ಯಾದೆ ಇಷ್ಟೆ. ಬಾಪೂಜಿ ನಗರದ ಅಡ್ಡರಸ್ತೆಯೊಂದರಲ್ಲಿರುವ ನಿವೃತ್ತ ಗೃಹಸ್ಥರೊಬ್ಬರು ಮಾತ್ರ ಅದರ ಪರವಾಗಿ ವಕಾಲತ್ತು ವಹಿಸಿದ್ದಾರೆ. ಮಳೆಗಾಲದಲ್ಲಿ ಒಗೆಯುವ ಕಲ್ಲಿನ ಬುಡ ಹಸುರೇರಿದರೆ ಅದನ್ನು ಉಜ್ಜಗೊಡುವುದಿಲ್ಲ. “ಸೊಂಟ ಮುರಿದ ಮೇಲೆ ನಿಮ್ಮ ಪಾಚಿಯೇ ಬಂದು ಗಂಜಿ ಕಾಯಿಸಲಿ” ಎಂದು ಮನೆಯಾಕೆ ಗೊಣಗುತ್ತಾರೆ. ಆ ಗೊಣಗಾಟದಲ್ಲಿ ನ್ಯಾಯವಿಲ್ಲದೆ ಇಲ್ಲ.

ಈ ಪಕ್ಷಪಾತಕ್ಕೊಂದು ಹಿನ್ನೆಲೆಯುಂಟು. ಅವರ ಸೇವಾಕಾಲದ ಬಹುಭಾಗ ಕಳೆದದ್ದು ಕುದುರೆಮುಖದಲ್ಲಿ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ 1980ರಿಂದ ಭದ್ರೆಯ ಮೇಲ್ದಂಡೆಯ ಬೆಟ್ಟಗಳನ್ನು ಅಗೆಯತೊಡಗಿತು. ಬೆಟ್ಟವನ್ನು ಸಿಡಿಸಿ, ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರು ದೂರದ ಮಂಗಳೂರಿಗೆ ಕೊಳವೆಯಲ್ಲಿ ಹರಿಸುತ್ತಿದ್ದರು. ಮಿಕ್ಕ ಕೆಸರನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಎದ್ದಿತು. ಆದರೆ ಬಗೆದಿಟ್ಟ ಬೆಟ್ಟದ ಮೇಲೆ ವರ್ಷಕ್ಕೆ 6,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ ಅಣೆಕಟ್ಟಿನ ಅಪ್ಪಣೆ ಕೇಳಿಕೊಂಡು ಹರಿದೀತೆ? ಬಯಲಾದ ಮಣ್ಣು ಹಳ್ಳಗಳ ಹಾದಿ ಹಿಡಿದು ಭದ್ರೆಯನ್ನು ಸೇರುತ್ತಿತ್ತು.

ಒಮ್ಮೆ ಹೊರನಾಡಿನ ದರ್ಶನ ಮುಗಿಸಿ ಬರುವಾಗ ಸಂಸಾರವೆಲ್ಲ ಕಳಸದ ಬಳಿ ಹೊಳೆಗೆ ಇಳಿಯಿತು. “ಮೊದಲಿನ ಹಾಗೆ ಕಲ್ಲು ಜಾರುವುದಿಲ್ಲ, ಅಮ್ಮನ ದಯೆ” ಎಂದು ಮನೆಯಾಕೆ ಸಂತೋಷಪಟ್ಟರು. ಯಜಮಾನರು ಒಂದು ಕಲ್ಲನ್ನೆತ್ತಿ ನೋಡಿದರು. ಅಂಗೈಗೆ ಕೆಂಪು ಹೂಳು ಮೆತ್ತಿಕೊಂಡಿತು. ಆಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಮಗಳು ಮೆಲ್ಲನೆ ಹೇಳಿದಳು: “ಜಾರಬೇಕಪ್ಪ. ಜಾರದ ಕಲ್ಲಿನಲ್ಲಿ ಊಟವಿಲ್ಲ.”

ಅವಳ ಮಾತು ನಿಜ. ಹೊಳೆಗಲ್ಲಿನ ಮೇಲಿನ ಲೋಳೆ ಕೊಳೆಯಲ್ಲ. ಅದರಲ್ಲಿ ಬಹುಪಾಲು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಒಂದೇ ಜೀವಕೋಶದ ದೇಹ, ಸುತ್ತಲೂ ಗಾಜಿನಂಥ ಸಿಲಿಕಾದ ಚಿಪ್ಪು. ಉಗುರಗಲದ ಜಾಗದಲ್ಲಿ ಅವು ಸಾವಿರಗಟ್ಟಲೆ ನೆಲೆಸುತ್ತವೆ. ಬಿಸಿಲನ್ನು ಉಂಡು ಬೆಳೆಯುವ ಈ ಪಾಚಿಯನ್ನು ಬಸವನಹುಳು, ಗೊದಮೊಟ್ಟೆ, ನೀರುಹುಳುಗಳ ಮರಿಗಳು ಕೆರೆದು ತಿನ್ನುತ್ತವೆ. ಕಲ್ಲಿಗೆ ಬಾಯಿ ಹಚ್ಚಿ ಮೇಯುವ ಮೀನುಗಳೂ ಉಂಟು. ಹೊಳೆಯ ಅಡಿಗೆಮನೆಯೇ ಅದು ಎನ್ನಬೇಕು.

ಹೂಳು ಈ ಮನೆಗೆ ಹಲವು ಬಾಗಿಲುಗಳಿಂದ ನುಗ್ಗುತ್ತದೆ. ನೀರು ಕದಡಿ ಬಿಸಿಲು ತಳ ಮುಟ್ಟುವುದಿಲ್ಲ. ರಭಸದ ನೀರಿನೊಡನೆ ಬರುವ ಮರಳು ಕಲ್ಲನ್ನು ಉಜ್ಜಿ ಬೋಳು ಮಾಡುತ್ತದೆ. ನೀರು ತಗ್ಗಿದಾಗ ನುಣ್ಣನೆಯ ಮಣ್ಣು ಉಳಿದದ್ದರ ಮೇಲೆ ಹೊದಿಕೆ ಹಾಕುತ್ತದೆ. ಕಲ್ಲನ್ನು ಕಚ್ಚಿಕೊಂಡೇ ಬದುಕುವ ಜಾತಿಗಳು ಅದರಡಿ ಉಸಿರುಗಟ್ಟುತ್ತವೆ. ನ್ಯಾವಿಕ್ಯುಲ, ನಿಟ್‌ಷಿಯಗಳಂಥ ತೆವಳಬಲ್ಲ ಜಾತಿಗಳು ಹೂಳನ್ನು ಸೀಳಿಕೊಂಡು ಮೇಲೆ ಬರುತ್ತವೆ. ಎಂದರೆ ಪಾಚಿ ಪೂರ್ತಿ ಅಳಿಯದಿರಬಹುದು. ಬೀದಿ ಅದೇ, ಮನೆಗಳೂ ಅವೇ, ಬಾಡಿಗೆದಾರರು ಬೇರೆ. ಗಂಧಕ ಬೆರೆತ ಗಣಿಗಳ ಕಥೆ ಇನ್ನೂ ವಿಚಿತ್ರ. ಅಮೆರಿಕದ ಪೆನ್ಸಿಲ್ವೇನಿಯದ ಕಲ್ಲಿದ್ದಲ ಸೀಮೆಯಲ್ಲಿ ಹೊಳೆಯ ನೀರೇ ಆಮ್ಲವಾಗಿ, ತಳವೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿತು. ಅಂಥ ನೀರಿನಲ್ಲಿ ಕೆಲವೇ ಜಾತಿಗಳು ಉಳಿಯುತ್ತವೆ. ಮೇಯುವ ಹುಳುಗಳು ಸತ್ತಿರುವುದರಿಂದ ಅವು ಹಸುರು ಜಡೆಯಂತೆ ಸಮೃದ್ಧವಾಗಿ ಹಬ್ಬುವುದೂ ಉಂಟು. ನೋಡಿದವರು ಹೊಳೆ ಸೊಗಸಾಗಿದೆಯೆಂದೇ ಭ್ರಮಿಸಿಯಾರು! ಭದ್ರೆಯ ಸಂಕಟ ಮುಖ್ಯವಾಗಿ ಹೂಳಿನದು.

2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು: 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕು. ಮಗಳು ಹಿಗ್ಗಿದಳು. ತಂದೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತರು. ಬಾಪೂಜಿ ನಗರದ ಮನೆಯ ಸಾಲ ತೀರುತ್ತಿದ್ದುದು ಆ ಗಣಿಯ ಸಂಬಳದಿಂದ. ಅವಳ ಕಾಲೇಜಿನ ಫೀಜು ಸಂದದ್ದೂ ಅದರಿಂದಲೇ. ಅಂದು ತಂದೆ ಮಗಳಲ್ಲಿ ಮಾತು ಬೆಳೆಯಲಿಲ್ಲ, ಮುಗಿಯಲೂ ಇಲ್ಲ. ಗಣಿ ನಿಂತಿತು, ಊರು ಬರಿದಾಯಿತು, ಅವರು ಪೆಟ್ಟಿಗೆ ಕಟ್ಟಿ ಬೆಂಗಳೂರಿಗೆ ಬಂದರು. ಮೈಸೂರು ರಸ್ತೆಯ ಪಕ್ಕದ ವೃಷಭಾವತಿ, ನೊರೆ ಹೊತ್ತ ಕರಿನೀರಾಗಿ, ಅವರನ್ನು ಬರಮಾಡಿಕೊಂಡಿತು. ಸಂಜೆಯ ತಿರುಗಾಟದಲ್ಲಿ ಅವರು ಅದರ ಕಡೆ ಮುಖ ಮಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳು, ಮೊಮ್ಮಗನೊಡನೆ ಮತ್ತೆ ಹೊರನಾಡಿಗೆ ಹೋದದ್ದುಂಟು. ಕಳಸದ ಬಳಿ ಅದೇ ಜಾಗದಲ್ಲಿ ಇಳಿದರು. ಎರಡನೆಯ ಹೆಜ್ಜೆಗೇ ಕಾಲು ಜಾರಿ ಸೊಂಟದವರೆಗೆ ನೀರಿನಲ್ಲಿ ಕುಳಿತುಬಿಟ್ಟರು. ಮನೆಯಾಕೆ ಚೀರಿದರು. ಇವರು ಮಾತ್ರ ಏಳುವ ಅವಸರವಿಲ್ಲದೆ ಅಂಗೈಯಿಂದ ಕಲ್ಲನ್ನು ಸವರುತ್ತಿದ್ದರು. “ಹಳಬರೇ ಬಂದರೇನಮ್ಮ?” ಎಂದು ಮಗಳನ್ನು ಕೇಳಿದರು. ಸೂಕ್ಷ್ಮದರ್ಶಕವಿಲ್ಲದೆ ಹೇಳಲಾಗದೆಂದು ಅವಳು ನೀರಿನ ಸೀಸೆಯೊಂದನ್ನು ಬರಿದುಮಾಡಿ ಒಂದಿಷ್ಟು ಲೋಳೆಯನ್ನು ಕೆರೆದು ತುಂಬಿಕೊಂಡಳು. ಪಂಚೆ ಒಣಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.