ನೀರಿನ ಋಣ

ಮತ್ತಿಕೆರೆಯಲ್ಲಿ ನೀರು ಬಿಡುವ ಹೊತ್ತಿಗೆ ಮನೆಮನೆಯ ನಲ್ಲಿಯೂ ಸದ್ದು ಮಾಡುತ್ತದೆ. ಕೊಡಗಳು ತುಂಬುತ್ತವೆ, ಒಲೆಯ ಮೇಲೆ ಎಸರು ಕುದಿಯುತ್ತದೆ, ಮಕ್ಕಳು ಮಿಂದು ಶಾಲೆಗೆ ಹೊರಡುತ್ತಾರೆ. ಆ ನೀರು ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ಬಂದುದೆಂದು ನೆನೆಯುವವರು ವಿರಳ. 1974ರಲ್ಲಿ ಬೆಂಗಳೂರನ್ನು ಮೊದಲು ತಲುಪಿದ ಈ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಯಂತ್ರಗಳು ಹಂತಹಂತವಾಗಿ ಸುಮಾರು 500 ಮೀಟರು ಮೇಲಕ್ಕೆತ್ತಿ ಕಳುಹಿಸುತ್ತವೆ. ನಲ್ಲಿ ಒಣಗಿದ ದಿನ ಮಾತ್ರ ಎಲ್ಲರ ಬಾಯಲ್ಲಿಯೂ ನೀರಿನದೇ ಮಾತು!

ಮಾನವನ ಈ ಮರೆವನ್ನು ಕುರಿತು ಯೆಹೂದ್ಯ ಚಿಂತಕರು ಆಳವಾಗಿ ವಿಚಾರಮಾಡಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನಲ್ಲಿದ್ದ ಬಹ್ಯಾ ಇಬ್ನ್ ಪಕೂದಾ ಎಂಬ ವಿದ್ವಾಂಸರು 'ಹೃದಯದ ಕರ್ತವ್ಯಗಳು' ಎಂಬ ಗ್ರಂಥದಲ್ಲಿ ಇದರ ಕಾರಣವನ್ನು ವಿವೇಚಿಸಿದರು. ಹುಟ್ಟಿದಂದಿನಿಂದ ಉಪಕಾರಗಳ ನಡುವೆಯೇ ಬೆಳೆದವನಿಗೆ ಅವು ಉಪಕಾರಗಳೆಂದು ತೋರುವುದೇ ಇಲ್ಲ ಎಂಬುದು ಅವರ ಅಭಿಪ್ರಾಯ. ಕೃತಜ್ಞತೆಗೆ ಹೀಬ್ರೂ ಭಾಷೆಯಲ್ಲಿರುವ ಮಾತಿನ ಅರ್ಥ 'ಒಳಿತನ್ನು ಗುರುತಿಸುವುದು' ಎಂದು. ಮಾಡಿದುದನ್ನು ಬಲ್ಲವನೇ ಕೃತಜ್ಞ. ಎರಡು ನುಡಿಗಳಲ್ಲಿಯೂ ಅದು ಒಂದು ಬಗೆಯ ಅರಿವೇ ಆಗಿದೆ.

ಈ ಅರಿವು ಮಾಸದಿರಲು ನಿತ್ಯದ ಅಭ್ಯಾಸ ಬೇಕು. ರೊಟ್ಟಿಯನ್ನು ಮುರಿಯುವ ಮುನ್ನ, ನೀರನ್ನು ಕುಡಿಯುವ ಮುನ್ನ ಯೆಹೂದ್ಯರು ದೇವರನ್ನು ಸ್ತುತಿಸುತ್ತಾರೆ. ದಿನಕ್ಕೆ ಇಂಥ ನೂರು ಸ್ತುತಿಗಳು ಸಲ್ಲಬೇಕೆಂದು ಗುರು ಮೆಯಿರರು ಹೇಳಿದುದು ತಾಲ್ಮುದ್ ಎಂಬ ಶಾಸ್ತ್ರಗ್ರಂಥದಲ್ಲಿದೆ. ನೈಲ್ ನದಿಯನ್ನು ಕೋಲಿನಿಂದ ಹೊಡೆದವನು ಮೋಶೆಯಲ್ಲ, ಅವನ ಅಣ್ಣ ಆರೋನ. ಶಿಶುವಾಗಿದ್ದ ಮೋಶೆಯನ್ನು ಬುಟ್ಟಿಯಲ್ಲಿ ಕಾಪಾಡಿದುದು ಅದೇ ನದಿಯಾದುದರಿಂದ ಅವನು ಅದನ್ನು ಹೊಡೆಯಲಾಗದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಜಡವಾದ ನೀರಿಗೇ ಇಷ್ಟು ಋಣವಿದ್ದರೆ ಮನುಷ್ಯರಿಗೆ ಇನ್ನೆಷ್ಟು!

ಕೃತಜ್ಞತೆಯಿಂದ ತೃಪ್ತಿ ಹುಟ್ಟುತ್ತದೆ. ಪ್ರಾಚೀನ ಗುರು ಬೆನ್ ಜೋಮಾ ಅವರು ಸಿರಿತನವನ್ನು ಕೂಡಿಟ್ಟ ಹಣದಿಂದ ಅಳೆಯಲಿಲ್ಲ. ಪಾಲಿಗೆ ಬಂದುದರಲ್ಲಿ ಸಂತಸ ಕಾಣುವ ಮನಸ್ಸಿನಿಂದ ಅಳೆದರು. ಅವರು ಉದಾಹರಿಸಿದುದು ಸ್ವಂತ ದುಡಿಮೆಯ ಫಲವನ್ನು ಉಣ್ಣುವವನನ್ನು. ಆದುದರಿಂದ ಈ ತೃಪ್ತಿ ಸೋಮಾರಿತನವಲ್ಲ. ಹಸಿದವನಿಗೆ ತೃಪ್ತಿಯನ್ನು ಬೋಧಿಸಿ ಸುಮ್ಮನಾಗುವುದೂ ಅಲ್ಲ. ಹೊಲವನ್ನು ಕೊಯ್ಯುವಾಗ ಅದರ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯೆಹೂದ್ಯರ ಧರ್ಮಶಾಸ್ತ್ರ ವಿಧಿಸುತ್ತದೆ. ತನ್ನ ಪಾಲು ಸಾಕೆನ್ನುವವನು ನೆರೆಯವನ ಕೊರತೆಯನ್ನು ಸಾಕೆನ್ನಲಾಗದು.

ಬೆಂಗಳೂರೂ ಒಮ್ಮೆ ಇಂಥ ಅಂಚನ್ನು ಬಿಟ್ಟುಕೊಟ್ಟಿತ್ತು. ಇಲ್ಲಿ ನೆಲೆಸಿದ ಕೆಲವೇ ಯೆಹೂದ್ಯರ ರುದ್ರಭೂಮಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1904ರಲ್ಲಿ, ಸ್ಥಳ ದೊರೆಯಿತು. ಮೈಸೂರು ರಸ್ತೆಯಲ್ಲಿ ಅದು ಇಂದಿಗೂ ಇದೆ.

ನೀರು ಕೊಟ್ಟ ಬಾವಿಗೆ ಕಲ್ಲೆಸೆಯಬಾರದೆಂಬ ಭಾವದ ನಾಣ್ಣುಡಿಯೊಂದು ತಾಲ್ಮುದಿನಲ್ಲಿದೆ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕನ್ನಡನಾಡಿನ ಹಿರಿಯರೂ ಹೇಳುತ್ತ ಬಂದಿದ್ದಾರೆ. ಮತ್ತಿಕೆರೆಯು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿದೆ. ಅಲ್ಲಿನ ಜಯಪ್ರಕಾಶ ನಾರಾಯಣ ಉದ್ಯಾನದಲ್ಲಿ ಕೆರೆಯ ನೀರು ಇಂದಿಗೂ ಕಾಣಸಿಗುತ್ತದೆ. ಅದರ ದಡದಲ್ಲಿ ಕಸ ಚೆಲ್ಲದವನು, ಕೊಡ ತುಂಬಿದೊಡನೆ ನಲ್ಲಿಯನ್ನು ನಿಲ್ಲಿಸಿ ಮುಂದಿನ ಮನೆಗೂ ನೀರು ಉಳಿಸುವವನು, ನೀರಿನ ಋಣವನ್ನು ಬಲ್ಲವನು.