ಪರ್ಸನೆಲ್ ಆಫೀಸಿನಿಂದ ಎಚ್‌ಆರ್‌ವರೆಗೆ

ಎಚ್‌ಎಂಟಿ, ಬಿಇಎಲ್, ಐಟಿಐಗಳ ಬೆಂಗಳೂರನ್ನು ಕಂಡವರಿಗೆ ಕಾರ್ಖಾನೆಯ ಪರ್ಸನೆಲ್ ಆಫೀಸು ಚೆನ್ನಾಗಿ ನೆನಪಿರುತ್ತದೆ. ರಜೆ ಚೀಟಿ, ಇಎಸ್‌ಐ ಫಾರಂ, ಕ್ಯಾಂಟೀನ್ ಊಟದ ಮೇಲಿನ ದೂರು, ಚಾರ್ಜ್‌ಶೀಟಿಗೆ ಬಂದ ಉತ್ತರ, ಯೂನಿಯನ್ನಿನ ಬೇಡಿಕೆ ಪಟ್ಟಿ ಎಲ್ಲವೂ ಅಲ್ಲಿ ಒಂದೇ ಮೇಜಿಗೆ ಬರುತ್ತಿದ್ದವು. ಆ ಹುದ್ದೆಗೆ ಕಾನೂನಿನ ಬೆನ್ನಾಸರೆ ಇತ್ತು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ ಪ್ರಕಾರ 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿದ್ದಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕಿತ್ತು. ಅವರ ವಿದ್ಯಾರ್ಹತೆ, ಸೇವಾ ಷರತ್ತು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರದ್ದಾಗಿತ್ತು. ಎಂಎಸ್‌ಡಬ್ಲ್ಯು ಓದಿದ ಎಷ್ಟೋ ಹಳ್ಳಿ ಹುಡುಗರು ಅಧಿಕಾರಿಗಳಾದದ್ದು ಈ ದಾರಿಯಲ್ಲೇ. 1980ರ ಕೊನೆಗೆ ಶುರುವಾದ ಸಾರ್ವಜನಿಕ ಉದ್ಯಮಗಳ ಮುಷ್ಕರ 77 ದಿನ ನಡೆಯಿತು. ಯೂನಿಯನ್ ಮುಖಂಡರೊಡನೆ ಕೂತು ಮಾತಾಡಿ ಒಪ್ಪಂದದ ಕರಡು ಬರೆಯಬಲ್ಲವರ ಬೆಲೆ ಆಡಳಿತಕ್ಕೆ ಅರ್ಥವಾಗುತ್ತಿದ್ದುದು ಅಂಥ ಹೊತ್ತಿನಲ್ಲಿ. ಈ ಕಸುಬಿನಲ್ಲಿ ಸಂಬಳ, ಬಡ್ತಿ ನಿಂತಿರುವುದು ಆ ತಿಳಿವಳಿಕೆಯ ಮೇಲೆ. ಕೆಳಗಿನ ಹುದ್ದೆಗಳಿಂದ ಅದನ್ನೇ ತೆಗೆದುಬಿಟ್ಟದ್ದು ಇವತ್ತಿನ ಎಚ್‌ಆರ್ ಹುಡುಗ ಹುಡುಗಿಯರಿಗೆ ಆಗಿರುವ ದೊಡ್ಡ ಅನ್ಯಾಯ ಎಂದು ನಾನು ನಂಬಿದ್ದೇನೆ.

ಐಟಿ ಬೆಳೆದಂತೆ ನಮ್ಮ ಕಣ್ಣೆದುರೇ ಕೆಲಸ ಹೋಳುಹೋಳಾಯಿತು. ಸಂಬಳದ ಲೆಕ್ಕ, ಪಿಎಫ್ ಹೊರಗಿನ ಕಂಪನಿಗೆ ಹೋಯಿತು; ಕಾನೂನು ವಕೀಲರ ಪಾಲಾಯಿತು; ಹೊಸಬರಿಗೆ ಉಳಿದದ್ದು ಅಭ್ಯರ್ಥಿಗಳನ್ನು ಹುಡುಕುವ ಫೋನು. ಒಬ್ಬ ಅಭ್ಯರ್ಥಿಯನ್ನು ಸೇರಿಸಿದ ನೇಮಕಾತಿ ಏಜೆನ್ಸಿ ಸಾಮಾನ್ಯವಾಗಿ ಅವರ ವಾರ್ಷಿಕ ಸಂಬಳದ ಶೇ 8.33ರಷ್ಟನ್ನು, ಅಂದರೆ ಒಂದು ತಿಂಗಳ ಸಂಬಳವನ್ನು, ಕಂಪನಿಯಿಂದ ಪಡೆಯುತ್ತದೆ. ದಿನವಿಡೀ ಕರೆ ಮಾಡಿದ ರಿಕ್ರೂಟರ್‌ಗೆ ಸಿಗುವುದು ಟಾರ್ಗೆಟ್, ಜೊತೆಗೊಂದಿಷ್ಟು ಇನ್ಸೆಂಟಿವ್. ಆಫರ್ ಒಪ್ಪಿದವರು ಜಾಯ್ನಿಂಗ್ ದಿನ ಕೈಕೊಟ್ಟರೆ ಅದೂ ಇಲ್ಲ. ದೊಡ್ಡ ಕಂಪನಿಗಳ ಎಚ್‌ಆರ್ ಮುಖ್ಯಸ್ಥರು ಕೈತುಂಬ ದುಡಿಯುತ್ತಾರಲ್ಲ ಎನ್ನಬಹುದು. ನಿಜ. ಆದರೆ ಗ್ರಾಚ್ಯುಟಿ ಲೆಕ್ಕವನ್ನಾಗಲಿ ಸ್ಟ್ಯಾಂಡಿಂಗ್ ಆರ್ಡರ್ಸನ್ನಾಗಲಿ ಯಾರೂ ಕಲಿಸದ ರಿಕ್ರೂಟರ್ ಆ ಕುರ್ಚಿಯವರೆಗೆ ಹೋಗುವುದಾದರೂ ಹೇಗೆ?

ಕಾನೂನು ಬಲ್ಲವರನ್ನು ಇಡದೆ ಮಾಡುವ ಉಳಿತಾಯದ ಬೆಲೆ ಎಷ್ಟೆಂಬುದು 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಂಡಿತು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳದ ಅಸಮಾಧಾನ ದಾಂಧಲೆಗೆ ತಿರುಗಿತು. ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿದ್ದರೂ ಕಾರ್ಮಿಕ ಕಾನೂನು ಬಲ್ಲವರನ್ನಿಟ್ಟು ಎಚ್‌ಆರ್ ವಿಭಾಗವನ್ನು ಸರಿಯಾಗಿ ಕಟ್ಟಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ವರದಿ ಹೇಳಿತು. ಹಾಜರಿ ಯಂತ್ರದ ದೋಷವೂ ಸರಿಯಾಗದೆ ಉಳಿದಿತ್ತು. ಹೊಸ ಆರ್ಡರ್ ಕೊಡುವುದನ್ನು ಆಪಲ್ ತಡೆಹಿಡಿಯಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ವಿಸ್ಟ್ರಾನ್ ತೆಗೆದುಹಾಕಿತು. ಸಾಫ್ಟ್‌ವೇರೇ ಎಲ್ಲ ನೋಡಿಕೊಳ್ಳುತ್ತದೆ, ಜನ ಏಕೆ ಎನ್ನುವವರು ಆ ಹಾಜರಿ ಯಂತ್ರವನ್ನು ನೆನೆಯಬೇಕು. ಲೆಕ್ಕ ತಪ್ಪಿದಾಗ ದೂರು ಕೇಳಿ, ಅಂದೇ ತಿದ್ದಿಸಬಲ್ಲ ಅಧಿಕಾರ ಒಬ್ಬ ಮನುಷ್ಯನಿಗಿರಬೇಕು.

ಹಳೆಯ ಪರ್ಸನೆಲ್ ಆಫೀಸರುಗಳೆಲ್ಲ ಕಾರ್ಮಿಕರ ಬಂಧುಗಳಾಗಿರಲಿಲ್ಲ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ತೀರ್ಪು ಮೊದಲೇ ಬರೆದಿಟ್ಟು ನಡೆಸಿದ ಡೊಮೆಸ್ಟಿಕ್ ಎನ್‌ಕ್ವೈರಿಗಳು ಎಷ್ಟೋ. ಆದರೆ ಯಾರನ್ನು ಕೇಳಬೇಕು, ಯಾವ ನಿಯಮ ಮುರಿದಿದೆ ಎಂಬುದು ಆಗ ಕಾರ್ಮಿಕನಿಗೆ ಗೊತ್ತಿರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ದೂರಿನ ಟಿಕೆಟ್ ಹಾಕಿ ಕಾಯಬೇಕು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೆಲ್ಫೇರ್ ಆಫೀಸರ್ ಬೇಕಾಗುವ ಮಿತಿ 250 ಕಾರ್ಮಿಕರಿಗೆ ಇಳಿದಿದೆ. ನಿಗದಿತ ಅವಧಿಯ ನೌಕರರಿಗೆ ವರ್ಷಕ್ಕೇ ಗ್ರಾಚ್ಯುಟಿ ಬಂದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಇದನ್ನೆಲ್ಲ ಬಲ್ಲವರಿಗೆ ಬೇಡಿಕೆ ಹೆಚ್ಚಲೇಬೇಕು. ಎಚ್‌ಆರ್ ಸೇರಹೊರಟ ಮಕ್ಕಳಲ್ಲಿ ನನ್ನ ಕೋರಿಕೆ: ಇಂಟರ್‌ವ್ಯೂನಲ್ಲಿ ಸಂಬಳ ಎಷ್ಟೆಂದು ಕೇಳುವ ಮೊದಲು ವೇತನ, ಪಿಎಫ್, ದೂರುಗಳ ಕೆಲಸ ನಿಮಗೂ ಕಲಿಸುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಡೆ ನೋಡಿ.